ಮಗ್ಗಕ್ಕೆ ಹಾಸು ಏರುವ ಮುನ್ನ

ಪ್ರಶ್ನೆ: ನನಗೆ ಬೇಕಾದ ಬಣ್ಣ ಮತ್ತು ಅಗಲದಲ್ಲಿ 3 ಮೀಟರ್ ಹತ್ತಿ ಬಟ್ಟೆಯನ್ನು ಕೈಮಗ್ಗದಲ್ಲಿ ನೇಯಿಸಬೇಕೆಂದಿದ್ದೇನೆ. ನೇಕಾರರು ಹಾಸಿನ ಎಳೆಗಳು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು, ನಾಲ್ಕೂವರೆ ಮೀಟರ್ ಉದ್ದ ಇರಬೇಕೆನ್ನುತ್ತಾರೆ. ಮೊದಲು ಮಾದರಿ ನೇಯ್ದು ತೋರಿಸುತ್ತೇವೆ, ಅದನ್ನು ಒಪ್ಪಿದ ಮೇಲೆ ಬದಲಾವಣೆ ಕೇಳಬಾರದು ಎಂಬ ಷರತ್ತನ್ನೂ ಹಾಕಿದ್ದಾರೆ. ಇದೆಲ್ಲ ಅಗತ್ಯವೇ?

ಉತ್ತರ: ಖಂಡಿತ ಅಗತ್ಯ. ಹಾಸಿನ ಎಳೆಗಳು ಅಡ್ಡ ನೂಲಾದ ಹೊಕ್ಕಿನ ಮೇಲೆ ಕೆಳಗೆ ಬಳುಕಿ ಸಾಗುವಾಗ ಉದ್ದ ಖರ್ಚಾಗುತ್ತದೆ. ಬಟ್ಟೆ ಮೊದಲ ಒಗೆತದಲ್ಲಿ ಮತ್ತೆ ಕುಗ್ಗುತ್ತದೆ. ಎರಡಕ್ಕೂ ಶೇ. 10ರಂತೆ ಹಿಡಿದರೆ ನಿಮ್ಮ 3 ಮೀಟರಿಗೆ ಸುಮಾರು 3.7 ಮೀಟರ್ ಬೇಕಾಗುತ್ತದೆ. ಮುಂದಿನ ಕೋಲಿಗೆ ಗಂಟು ಹಾಕುವ ತುದಿ ಮತ್ತು ಹೊಕ್ಕನ್ನು ಬಡಿದು ಕೂರಿಸುವ ಬಾಚಣಿಗೆಯಂಥ ಹಣಿಗೆಯ ಹಿಂದೆ ನೇಯಲಾಗದೆ ಉಳಿಯುವ ತುದಿ ಸೇರಿದರೆ ಉಳಿದ ಲೆಕ್ಕವೂ ಸರಿಹೋಗುತ್ತದೆ.

ಬದಲಾವಣೆಯ ಮಾತು ಇದಕ್ಕಿಂತ ಮುಖ್ಯವಾದುದು. ಒಂದು ಸೆಂಟಿಮೀಟರಿಗೆ 12 ಎಳೆಗಳಂತೆ 1 ಮೀಟರ್ ಅಗಲದ ಹಾಸಿನಲ್ಲಿ 1,200 ಎಳೆಗಳಿರುತ್ತವೆ. ಅವುಗಳಲ್ಲಿ ಪ್ರತಿಯೊಂದನ್ನೂ ವಿನ್ಯಾಸದ ಕ್ರಮ ತಪ್ಪದಂತೆ ಎಳೆಗಳನ್ನು ಎತ್ತಿ ಇಳಿಸುವ ಹೀಲ್ಡಿನ ಕಣ್ಣಿನಲ್ಲಿ ಪೋಣಿಸಿ, ಅನಂತರ ಹಣಿಗೆಯ ಹಲ್ಲುಗಳ ನಡುವೆ ತೂರಿಸಿ, ಎಲ್ಲವೂ ಒಂದೇ ಬಿಗಿಯಲ್ಲಿ ನಿಲ್ಲುವಂತೆ ಕಟ್ಟಿದ ಮೇಲೆಯೇ ಹೊಕ್ಕಿನ ನೂಲು ಒಯ್ಯುವ ಲಾಳಿ ಓಡುತ್ತದೆ. ಆ ಹೊತ್ತಿಗೆ ಹಾಸಿನ ಬಣ್ಣ, ಅಗಲ, ಎಳೆಗಳ ದಟ್ಟಣೆ ಎಲ್ಲವೂ ನಿರ್ಧಾರವಾಗಿಬಿಟ್ಟಿರುತ್ತವೆ. ಹೊಕ್ಕಿನ ಬಣ್ಣವನ್ನು ಮಾತ್ರ ಆಮೇಲೂ ಬದಲಿಸಬಹುದು.

ಆದ್ದರಿಂದ ನಿಮ್ಮ ಅಭಿಪ್ರಾಯ ಬದಲಿಸಿಕೊಳ್ಳಲು ಇರುವ ಜಾಗ ಮಾದರಿಯೇ, ಮುಖ್ಯವಾಗಿ ಬಣ್ಣದ ವಿಷಯದಲ್ಲಿ. ನೂಲಿನ ಲಡಿಯಲ್ಲಿ ಕಂಡ ಬಣ್ಣ ಬಟ್ಟೆಯಲ್ಲಿ ಹಾಗೆಯೇ ಉಳಿಯುವುದಿಲ್ಲ. ಸಾದಾ ನೇಯ್ಗೆಯಲ್ಲಿ ಹಾಸು ಹೊಕ್ಕುಗಳೆರಡೂ ಸರಿಸುಮಾರು ಸಮವಾಗಿ ಮೇಲೆ ಕಾಣುವುದರಿಂದ, ಕೆಂಪು ಹಾಸಿನೊಂದಿಗೆ ಹಸಿರು ಹೊಕ್ಕು ಕೊಟ್ಟರೆ ಹತ್ತಿರದಲ್ಲಿ ಎರಡೂ ಮಿನುಗುತ್ತವೆ, ದೂರದಿಂದ ನೋಡಿದಾಗ ಕಂದುಛಾಯೆ ಕಾಣಿಸುತ್ತದೆ. ನುಣುಪಾದ ರೇಷ್ಮೆಯಲ್ಲಿ ಇದೇ ಜೋಡಿ ಬೆಳಕು ಬಿದ್ದ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಮಂದವಾದ ಹತ್ತಿಯಲ್ಲಿ ಆ ಬೆಡಗು ಅಷ್ಟಾಗಿ ಬರುವುದಿಲ್ಲ. ಮಾದರಿಯನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಹಗಲಿನ ಬೆಳಕಿನಲ್ಲಿ ಹತ್ತಿರದಿಂದಲೂ ದೂರದಿಂದಲೂ ನೋಡಿ; ಕೈಯಲ್ಲಿ ಮುದುಡಿ ಅದು ಎಷ್ಟು ಮೆತ್ತಗೆ ಇಳಿಬೀಳುತ್ತದೆ ಎಂಬುದನ್ನೂ ಪರೀಕ್ಷಿಸಿ. ಗಡಸೆನಿಸಿದರೆ ದಟ್ಟಣೆ ಕಡಿಮೆ ಮಾಡುವಂತೆ ಆಗಲೇ ಹೇಳಿ. ಮಾದರಿ ಬೇಡವೆಂದು ಸಮಯ ಉಳಿಸುವುದನ್ನು ನಾನು ಎಂದೂ ಸಲಹೆ ಮಾಡಲಾರೆ.

ಪ್ರಶ್ನೆ: ಹೊಸ ಕೈಮಗ್ಗದ ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಅಡ್ಡಕ್ಕೂ ಉದ್ದಕ್ಕೂ ಸಣ್ಣ ಗೆರೆಗಳು ಕಾಣುತ್ತವೆ. ಇವು ದೋಷವೇ?

ಉತ್ತರ: ಅಡ್ಡಗೆರೆಗಳು ಹೊಕ್ಕನ್ನು ಹಣಿಗೆಯಿಂದ ಬಡಿಯುವ ಬಲದಲ್ಲಾಗುವ ಹೆಚ್ಚುಕಡಿಮೆಯಿಂದ ಬರುತ್ತವೆ. ತೆಳುವಾಗಿದ್ದರೆ ಅವುಗಳನ್ನು ದೋಷವೆನ್ನಲಾಗದು. ಉದ್ದಗೆರೆಗಳು ಹಣಿಗೆಯ ಹಲ್ಲಿನ ಗುರುತುಗಳಾಗಿದ್ದರೆ ಒಗೆದಾಗ ಎಳೆಗಳು ಸರಿದು ಬಹುಪಾಲು ಮಾಯವಾಗುತ್ತವೆ. ಒಗೆದ ಬಳಿಕವೂ ಒಂದೇ ಜಾಗದಲ್ಲಿ ಬಟ್ಟೆಯುದ್ದಕ್ಕೂ ಗೆರೆ ಉಳಿದರೆ ಎಳೆ ಪೋಣಿಸುವಾಗ ಕ್ರಮ ತಪ್ಪಿರುವ ಸಾಧ್ಯತೆ ಹೆಚ್ಚು. ಅದನ್ನು ನೇಕಾರರಿಗೆ ತೋರಿಸಿ ಕೇಳುವುದು ನ್ಯಾಯ. ಎಲ್ಲೋ ಒಂದೆಡೆ ಎಳೆ ಜಿಗಿದಿದ್ದರೆ ಅದೇ ನೂಲನ್ನು ಸೂಜಿಯಲ್ಲಿ ಪೋಣಿಸಿ ಸರಿಯಾದ ದಾರಿಯಲ್ಲಿ ಹಾಯಿಸಿ ಸರಿಪಡಿಸಬಹುದು.