‘ದಿ ರೇಡ್’ ಹೊಡೆದಾಟ ಏಕೆ ನಿಜವೆನಿಸುತ್ತದೆ? ಬೀಳುವವನನ್ನು ನೋಡಿ

‘ದಿ ರೇಡ್’ ನೋಡಿದ ಮೇಲೆ ನಮ್ಮ ಪೊಲೀಸ್–ರೌಡಿ ಸಿನಿಮಾಗಳ ಹೊಡೆದಾಟವೆಲ್ಲ ಸುಳ್ಳೆನಿಸತೊಡಗಿದೆ, ಅಲ್ಲಿನ ನಟರಿಗೆ ನಿಜವಾದ ಸಮರಕಲೆ ಬರುತ್ತದೆ ಎಂಬುದೊಂದೇ ಇದಕ್ಕೆ ಕಾರಣವೇ ಎಂದು ಕೇಳಿದ್ದೀರಿ. ನೀವೂ ಶಿವಮೊಗ್ಗದವರೇ ಎಂದು ಬರೆದಿದ್ದರಿಂದ ಸ್ವಲ್ಪ ಸಲಿಗೆಯಿಂದಲೇ ಉತ್ತರಿಸುತ್ತೇನೆ. ನಾನು ಇಲ್ಲಿ 18 ವರ್ಷಗಳಿಂದ ಮಕ್ಕಳಿಗೆ ಜೂಡೊ ಕಲಿಸುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಹೊಡೆಯುವವನ ವಿದ್ಯೆ ಕಾಲು ಪಾಲು. ಮುಕ್ಕಾಲು ಪಾಲು ಬೀಳುವವನದು.

ಮೊದಲು ಆ ಕಾಲು ಪಾಲಿನ ವಿಷಯ. ಗೂಂಡಾಗಳ ಕಟ್ಟಡಕ್ಕೆ ನುಗ್ಗುವ ಪೊಲೀಸ್ ತಂಡವೊಂದರ ಕಥೆಯಿರುವ, 2011ರ ಈ ಇಂಡೋನೇಷ್ಯಾ ಚಿತ್ರದ ನಿರ್ದೇಶಕ ಗ್ಯಾರೆತ್ ಇವಾನ್ಸ್ ಬ್ರಿಟನ್ನಿನ ವೇಲ್ಸ್‌ನವರು. ಪೆಂಚಾಕ್ ಸಿಲಾಟ್ ಎಂಬ ಇಂಡೋನೇಷ್ಯಾದ ಸಮರಕಲೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೋದಾಗ ಅವರಿಗೆ ಸಿಕ್ಕಿದವರು ಇಕೊ ಉವೈಸ್. ಆಗ ಇಕೊ ದೂರಸಂಪರ್ಕ ಕಂಪನಿಯೊಂದರಲ್ಲಿ ವಾಹನ ಚಾಲಕ. ಸಿಲಾಟ್ ಅವರ ಮನೆತನದ ವಿದ್ಯೆ. 2009ರಲ್ಲಿ ಇಬ್ಬರೂ ಸೇರಿ ಒಂದು ಚಿತ್ರ ಮಾಡಿದರು, ಅದಾದ ಮೇಲೆ ಇಕೊ ನಾಯಕನಾಗಿರುವ ‘ದಿ ರೇಡ್’. ಹೊಡೆದಾಟ ಸಂಯೋಜಿಸಿದ್ದು ಇಕೊ ಮತ್ತು ಯಾಯನ್ ರುಹಿಯಾನ್. ಖಳನ ಬಲಗೈ ಬಂಟ ‘ಮ್ಯಾಡ್ ಡಾಗ್’ ಆಗಿ ನಟಿಸಿರುವ ಗಿಡ್ಡ ಆಳು ಈ ಯಾಯನ್. ಸಾರ್ಜೆಂಟ್ ಜಾಕಾ ಪಾತ್ರ ಮಾಡಿದ ಜೋ ತಸ್ಲಿಮ್ ಇಂಡೋನೇಷ್ಯಾದ ರಾಷ್ಟ್ರೀಯ ಜೂಡೊ ತಂಡದಲ್ಲಿದ್ದವರು. ಇದನ್ನು ತಿಳಿದ ದಿನ ನನಗಾದ ಸಂತೋಷವನ್ನು ಹೇಳಿಯೇ ಮುಂದೆ ಹೋಗಬೇಕು. ನಮ್ಮ ಆಟದ ಒಬ್ಬ ಹುಡುಗ ಅಲ್ಲಿದ್ದಾನೆ!

ಇನ್ನು ಮುಕ್ಕಾಲು ಪಾಲು. ಕಳೆದ ಆಷಾಢದಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆದು ಅಭ್ಯಾಸದ ಮ್ಯಾಟುಗಳೆಲ್ಲ ಮುಗ್ಗಲು ಹಿಡಿದಿದ್ದವು. ಕರೆಂಟ್ ಇರಲಿಲ್ಲ. ದೊಡ್ಡ ಮಕ್ಕಳು ನಾಲ್ವರು ಬಂದಿದ್ದರು, ವಾಪಸ್ ಕಳಿಸಲು ಮನಸ್ಸಾಗಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಇದ್ದಷ್ಟು ಚಾರ್ಜಿನಲ್ಲಿ ಈ ಚಿತ್ರದ ಕಾರಿಡಾರ್ ಕಾಳಗವನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. ಹೊಸನಗರ ಕಡೆಯ ಹುಡುಗಿಯೊಬ್ಬಳು ಒಂದು ಕಡೆ ನಿಲ್ಲಿಸಲು ಹೇಳಿ, “ಸರ್, ಬಿದ್ದವನು ಕೈ ತಟ್ಟಲೇ ಇಲ್ಲ” ಎಂದಳು.

ಆ ಮಾತಿನಲ್ಲಿ ನಿಮ್ಮ ಪ್ರಶ್ನೆಗೆ ಉತ್ತರವಿದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಜೂಡೊದಲ್ಲಿ ಮೊದಲ ಪಾಠ ಎಸೆಯುವುದಲ್ಲ, ಬೀಳುವುದು. ಅದಕ್ಕೆ ಉಕೆಮಿ ಎನ್ನುತ್ತಾರೆ. ಗಲ್ಲವನ್ನು ಎದೆಗೆ ಒತ್ತಿಕೊಳ್ಳಬೇಕು, ಇಲ್ಲವಾದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಬೆನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಅಂಗೈಯಿಂದ ಮೊಣಕೈವರೆಗೆ ಇಡೀ ತೋಳು ಮ್ಯಾಟಿಗೆ ಚಟೀರನೆ ಬಡಿಯಬೇಕು, ಉಸಿರು ಹೊರಗೆ ಹೋಗಬೇಕು. ಆಗ ಏಟಿನ ಭಾರ ಒಂದೇ ಕಡೆ ಕೂರದೆ ಹಂಚಿಹೋಗುತ್ತದೆ. ಮೂರು ತಿಂಗಳು ಮಕ್ಕಳಿಂದ ಇದನ್ನೇ ಮಾಡಿಸುತ್ತೇನೆ. ಪೋಷಕರು ಬಂದು, “ಮಗು ಬರೀ ಬೀಳುತ್ತಾ ಇದೆಯಲ್ಲ ಸರ್” ಎಂದು ಕೇಳುತ್ತಾರೆ.

ಈಗ ಸಾಹಸ ಕಲಾವಿದನ ಕಷ್ಟ ನೋಡಿ. ಅವನಿಗೆ ಈ ವಿದ್ಯೆ ಮೈಗೂಡಿರಲೇಬೇಕು, ಇಲ್ಲದಿದ್ದರೆ ಮೂಳೆ ಮುರಿಯುತ್ತದೆ. ಆದರೆ ಅದು ತೆರೆಯ ಮೇಲೆ ಕಾಣಬಾರದು. ಗೂಂಡಾಗಳ ಕಟ್ಟಡದಲ್ಲಿ ಏಟು ತಿಂದು ಬೀಳುವ ರೌಡಿ, ಬೀಳಲು ಕಲಿತವನಂತೆ ಅಚ್ಚುಕಟ್ಟಾಗಿ ಬಿದ್ದರೆ ಆಟ ಅಲ್ಲಿಗೇ ಮುಗಿಯಿತು. ವರ್ಷಗಟ್ಟಲೆ ಕಲಿತದ್ದನ್ನು ಅದೇ ಗಳಿಗೆಯಲ್ಲಿ ಬಚ್ಚಿಟ್ಟುಕೊಂಡು, ಏನೂ ಗೊತ್ತಿಲ್ಲದವನ ಹಾಗೆ ಸೊಂಟ ಮುರಿದು, ಕಾಲು ಗೋಡೆಗೆ ತಾಗಿಸಿಕೊಂಡು ಬೀಳಬೇಕು. ಆ ಕಾರಿಡಾರಿನಲ್ಲಿ ಒಡೆದ ಬಾಗಿಲ ಚೂಪು ಅಂಚಿಗೆ ಒಬ್ಬನ ಕುತ್ತಿಗೆ ಬಡಿಯುವ ಗಳಿಗೆ ನಿಮಗೆ ನೆನಪಿರಲೇಬೇಕು. ನಾಯಕ ಅಲ್ಲಿ ಮಾಡುವುದು ಹೆಚ್ಚೇನಿಲ್ಲ, ಅವನನ್ನು ಹಿಡಿದುಕೊಂಡು ತಾನೂ ಹಿಂದಕ್ಕೆ ಬೀಳುತ್ತಾನೆ. ನಮ್ಮ ಹೊಟ್ಟೆಯಲ್ಲಿ ಕಿವುಚಿದಂತಾಗುವುದು ಆ ಇನ್ನೊಬ್ಬನ ದೇಹದಿಂದ. ಅವನ ಹೆಸರು ನಮಗಾರಿಗೂ ಗೊತ್ತಿಲ್ಲ.

ಕ್ಯಾಮೆರಾ ಇದಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ. ಹೊಡೆಯುವವನು, ಬೀಳುವವನು ಇಬ್ಬರೂ ಒಂದೇ ಚೌಕಟ್ಟಿನಲ್ಲಿರುತ್ತಾರೆ, ಬಹಳ ಕಡೆ ಪಾದಗಳೂ ಕಾಣುತ್ತವೆ. ಏಟು ಬೀಳುವ ಹೊತ್ತಿಗೆ ದೃಶ್ಯ ಕತ್ತರಿಸಿ ನಾಯಕನ ಮುಖಕ್ಕೆ ಹೋದರೆ ಬೀಳುವವನ ಶ್ರಮವೆಲ್ಲ ನೀರುಪಾಲು. ಇವಾನ್ಸ್ ತಂಡ ಚಿತ್ರೀಕರಣಕ್ಕೆ ಮೊದಲೇ ಹೊಡೆದಾಟಗಳನ್ನು ಚಿಕ್ಕ ಕ್ಯಾಮೆರಾದಲ್ಲಿ ಹೊಡೆತ ಹೊಡೆತಕ್ಕೂ ಚಿತ್ರಿಸಿಕೊಂಡು ಸಿದ್ಧವಾಗಿತ್ತು. ಸಂಕಲನವನ್ನೂ ನಿರ್ದೇಶಕರೇ ಮಾಡಿದರು. ಖರ್ಚು ಸುಮಾರು 11 ಲಕ್ಷ ಡಾಲರ್, ಇಂಥ ಚಿತ್ರಕ್ಕೆ ಅದು ಬಹಳ ಕಡಿಮೆ.

ಇನ್ನೊಂದು ಮಾತು ಪೊಲೀಸ್ ಕಥೆಗಳಿಗೇ ಸೇರಿದ್ದು. ಪಿಸ್ತೂಲು ಇರುವಾಗ ಯಾರಾದರೂ ಕೈ ಮಿಲಾಯಿಸುವುದು ಏಕೆ? ಬಹಳಷ್ಟು ಚಿತ್ರಗಳು ಈ ಪ್ರಶ್ನೆಯನ್ನೇ ದಾಟಿಕೊಂಡು ಹೋಗುತ್ತವೆ. ಇಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಮೇಲಿನವರಿಗೆ ತಿಳಿಸದೆ ತಂಡವನ್ನು ಕರೆತಂದಿದ್ದಾನೆ, ಹಾಗಾಗಿ ಸಹಾಯಕ್ಕೆ ಯಾರೂ ಬರುವುದಿಲ್ಲ. ಗುಂಡುಗಳು ಬೇಗ ಖಾಲಿಯಾಗುತ್ತವೆ. ಆಮೇಲೆ ಲಾಠಿ, ಚಾಕು, ಮಚ್ಚು, ಕೊನೆಗೆ ಬರಿಗೈ. ಮ್ಯಾಡ್ ಡಾಗ್ ಮಾತ್ರ ಕೈಯಲ್ಲಿ ಪಿಸ್ತೂಲಿದ್ದರೂ ಬೇಕೆಂದೇ ಪಕ್ಕಕ್ಕಿಟ್ಟು ಜಾಕಾನ ಮೇಲೆ ಬರಿಗೈಯಲ್ಲಿ ಬೀಳುತ್ತಾನೆ. ಅವನ ಸ್ವಭಾವ ಪೂರ್ತಿ ಆ ಒಂದು ಕೆಲಸದಲ್ಲಿ ತಿಳಿಯುತ್ತದೆ. ನಮ್ಮ ಜೂಡೊ ಹುಡುಗ ಅಲ್ಲಿ ದಣಿದು ದಣಿದು ಸೋಲುತ್ತಾನೆ, ಸಾಯುತ್ತಾನೆ. ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ.

ಹೊಡೆತವೇ ಇಲ್ಲದ ಒಂದು ದೃಶ್ಯ ನನಗೆ ಎಲ್ಲಕ್ಕಿಂತ ಇಷ್ಟ. ಗಾಯಗೊಂಡ ಜೊತೆಗಾರನೊಂದಿಗೆ ನಾಯಕ ಗೋಡೆಯ ಸಂದಿನಲ್ಲಿ ಅಡಗಿದ್ದಾನೆ. ಹುಡುಕಿ ಬಂದವನು ಗೋಡೆಗೆ ಮಚ್ಚು ತೂರಿಸುತ್ತಾನೆ. ಅಲಗು ನಾಯಕನ ಕೆನ್ನೆ ಸೀಳಿ ನಿಲ್ಲುತ್ತದೆ. ಅದು ಹೊರಗೆ ಹೋಗುವಾಗ ನಾಯಕ ಸದ್ದಿಲ್ಲದೆ ಬಟ್ಟೆಯಿಂದ ರಕ್ತ ಒರೆಸಿ ಕಳಿಸುತ್ತಾನೆ. ಮಲೆನಾಡಿನಲ್ಲಿ ಬೆಳೆದವರಿಗೆ ಇದು ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. ನಮ್ಮ ಅಜ್ಜ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸದೆ ತೋಟಕ್ಕೆ ಇಳಿದವರಲ್ಲ. ಕತ್ತಿಗೆ ತೂಕವಿದೆ, ಒಂದು ಗಂಟೆ ಸೊಪ್ಪು ಸವರಿದರೆ ರಟ್ಟೆ ಬೀಳುತ್ತದೆ, ಹಸಿ ಮರದಲ್ಲಿ ಕಚ್ಚಿಕೊಂಡರೆ ಅಲುಗಾಡಿಸಿಯೇ ಕೀಳಬೇಕು. ಹತ್ತು ಜನರ ಕೈಯಲ್ಲಿ ಅದನ್ನು ಕಡ್ಡಿಯಂತೆ ತಿರುಗಿಸುವ ಚಿತ್ರ ನೋಡಿದರೆ ಅಜ್ಜನಿಗೆ ಸಿಟ್ಟು ಬರುತ್ತಿತ್ತು. ಆ ಗೋಡೆಯ ಅಲಗಿಗೆ ತೂಕವಿದೆ.

ಹಾಗಂತ ನಮ್ಮ ಚಿತ್ರಗಳೆಲ್ಲ ಸುಳ್ಳು ಎಂದು ನೀವು ಬರೆದದ್ದನ್ನು ನಾನು ಒಪ್ಪುವುದಿಲ್ಲ. ಯಕ್ಷಗಾನದ ಯುದ್ಧದಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ದಿಗಿಣ ಹಾಕುತ್ತಾರೆ, ಚೆಂಡೆ ಏಟು ಕೊಡುತ್ತದೆ, ಬೆಳಗಿನ ಜಾವದವರೆಗೂ ಎವೆಯಿಕ್ಕದೆ ನೋಡುತ್ತೇವೆ. ಸಾಹಸ ನಿರ್ದೇಶಕ ಥ್ರಿಲ್ಲರ್ ಮಂಜು 1996ರಲ್ಲಿ ನಿರ್ದೇಶಿಸಿದ ‘ಪೊಲೀಸ್ ಸ್ಟೋರಿ’ಯಲ್ಲಿ ಸಾಯಿಕುಮಾರ್ ಅವರ ಮಾತೇ ಲಾಠಿ. ಅಲ್ಲಿ ನಾವು ಮೆಚ್ಚುವುದು ಆರ್ಭಟವನ್ನು, ಪಟ್ಟುಗಳನ್ನಲ್ಲ. ಅದೂ ಒಂದು ಕಟ್ಟುಪಾಡು, ಅದರೊಳಗೆ ಅದು ನಿಜ. ನನಗೆ ಬೇಸರವಾಗುವುದು ಎರಡನ್ನೂ ಬೆರೆಸಿದಾಗ. ಹಗ್ಗ ಕಟ್ಟಿ ಹತ್ತಡಿ ಹಾರಿಸಿ, ಮರುಕ್ಷಣವೇ ತುಟಿಯ ರಕ್ತ ತೋರಿಸಿ ನೋವು ಪಡಿ ಎಂದರೆ ಹೇಗೆ ಪಡುವುದು?

‘ಪೊಲೀಸ್ ಸ್ಟೋರಿ’ ಎಂಬ ಇದೇ ಹೆಸರಿನ ಹಾಂಗ್‌ಕಾಂಗ್ ಚಿತ್ರವನ್ನೂ ಹುಡುಕಿ ನೋಡಿ, 1985ರದು, ಜಾಕಿ ಚಾನ್ ಅವರದು. ಕೊನೆಯಲ್ಲಿ ಮಾಲ್‌ನೊಳಗಿನ ಕಾಳಗದಲ್ಲಿ ಎಷ್ಟು ಗಾಜು ಒಡೆಯುತ್ತದೆಂದರೆ ತಂಡದವರೇ ಅದನ್ನು ‘ಗ್ಲಾಸ್ ಸ್ಟೋರಿ’ ಎನ್ನುತ್ತಿದ್ದರು. ಆ ಗಾಜಿನ ಮೇಲೆ ಯಾರು ಯಾರು ಬೀಳುತ್ತಾರೆ, ಬಿದ್ದ ಮೇಲೆ ಎಷ್ಟು ಹೊತ್ತಿಗೆ ಏಳುತ್ತಾರೆ, ಅಷ್ಟನ್ನೇ ಗಮನಿಸಿ.

ಇಷ್ಟೆಲ್ಲ ಓದಿಯೂ ನಂಬಿಕೆಯಾಗದಿದ್ದರೆ ಇಲ್ಲಿಯೇ ಉತ್ತರಿಸಿ, ಒಂದು ಭಾನುವಾರ ಬೆಳಗ್ಗೆ ತರಗತಿಗೆ ಕರೆಯುತ್ತೇನೆ. ಸಡಿಲ ಬಟ್ಟೆ ಹಾಕಿಕೊಂಡು, ಖಾಲಿ ಹೊಟ್ಟೆಯಲ್ಲಿ ಬನ್ನಿ. ಹೊಸನಗರದ ಆ ಹುಡುಗಿ ನಿಮಗೆ ಬೀಳುವುದನ್ನು ಹೇಳಿಕೊಡುತ್ತಾಳೆ.