ಮೂಡಿಗೆರೆಯ ತೋಟಕ್ಕೆ ಬಂದ ನವಿಲು: ಪ್ರತಿಕ್ರಿಯೆ

ಹದಿನೈದು ವರ್ಷಗಳ ಹಿಂದೆ ನಿಮ್ಮ ಮೂಡಿಗೆರೆಯ ಕಾಫಿ ತೋಟದಲ್ಲಿ ಇಲ್ಲದ ನವಿಲು ಈಗ ದಿನವೂ ಕೂಗುತ್ತಿದೆ ಎಂದು ಬರೆದಿದ್ದೀರಿ; ಇದು ಭ್ರಮೆಯಿರಬಹುದೆಂಬ ನಿಮ್ಮ ಶಂಕೆ ಸರಿಯಲ್ಲ. ಕಡೂರು, ಅರಸೀಕೆರೆಯಂತಹ ಬಯಲುಸೀಮೆಯ ಕುರುಚಲಿಗೆ ಒಗ್ಗಿದ ಈ ಹಕ್ಕಿ ಮಲೆನಾಡಿನತ್ತ ಹರಡುತ್ತಿರುವುದೇ ಬಹುಶಃ ಇದಕ್ಕೆ ಕಾರಣ. ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತ 2023ರ ವರದಿಯೂ ನವಿಲು ಹೆಚ್ಚುತ್ತಿರುವುದನ್ನು, ಅದು ಕೇರಳದ ಎಲ್ಲ ಜಿಲ್ಲೆಗಳನ್ನೂ ತಲುಪಿರುವುದನ್ನು ಗುರುತಿಸಿದೆ. ಆದರೆ ಈ ಹರಡುವಿಕೆಗೆ ನೆರಳಿನ ಮರಗಳು ಕಡಿಮೆಯಾದದ್ದು ಕಾರಣವೋ, ಹವೆ ಒಣಗಿದ್ದು ಕಾರಣವೋ ಎಂಬುದನ್ನು ಒಂದೇ ತೋಟ ನೋಡಿ ತೀರ್ಮಾನಿಸಲಾಗದು.

ನಿಮ್ಮ ತೋಟದಲ್ಲಿನ ಹೆಚ್ಚಳವನ್ನು ದಾಖಲಿಸಲು, ಮೊದಲು ಹಿರಿಯರ ನೆನಪನ್ನು ಬರೆದುಕೊಳ್ಳಿ. "ಮೊದಲು ಇತ್ತೇ?" ಎನ್ನದೆ, "ಮಗಳ ಮದುವೆಯ ವರ್ಷ ಕೂಗು ಕೇಳಿತ್ತೇ?" ಎಂದು ಕೇಳಿ; ಸಕಲೇಶಪುರದ ನಮ್ಮ ತೋಟದಲ್ಲಿ ಇಸವಿ ಸಿಕ್ಕಿದ್ದು ಹೀಗೆ ಕೇಳಿದಾಗಲೇ.

ಅನಂತರ ವಾರಕ್ಕೊಮ್ಮೆ, ಒಂದೇ ದಾರಿಯಲ್ಲಿ, ಬೆಳಗಿನ ಒಂದೇ ಹೊತ್ತಿನಲ್ಲಿ, ಕನಿಷ್ಠ ಹದಿನೈದು ನಿಮಿಷ ನಡೆದು, ಕಾಜಾಣ, ಪಿಕಳಾರ, ಮೈನಾ ಸೇರಿದಂತೆ ಕಂಡ ಮತ್ತು ಕೇಳಿದ ಎಲ್ಲ ಹಕ್ಕಿಗಳನ್ನೂ ಎಣಿಸಿ ಬರೆಯಿರಿ. ನವಿಲು ಸಿಗದ ದಿನದ ಪಟ್ಟಿಯನ್ನು ದಯವಿಟ್ಟು ಕೈಬಿಡಬೇಡಿ, ಏಕೆಂದರೆ ಅದು ಇಲ್ಲದ ದಿನಗಳ ದಾಖಲೆಯಿಲ್ಲದೆ ಹೆಚ್ಚಳವನ್ನು ತೋರಿಸಲು ಸಾಧ್ಯವೇ ಇಲ್ಲ. ಇವನ್ನು ಹಕ್ಕಿಗಳ ದಾಖಲೆ ಸೇರಿಸುವ ಇ-ಬರ್ಡ್ ಆ್ಯಪ್‌ನಲ್ಲಿ ಸಂಪೂರ್ಣ ಪಟ್ಟಿಯೆಂದು ಗುರುತಿಸಿ ಸೇರಿಸಿ.

ಹೋಲಿಸುವಾಗ ಒಟ್ಟು ದಾಖಲೆಗಳ ಸಂಖ್ಯೆಯನ್ನು ನಂಬಬೇಡಿ; ನೋಡುವವರು ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಪ್ರತಿ ವರ್ಷದ ಪಟ್ಟಿಗಳಲ್ಲಿ ಶೇಕಡಾ ಎಷ್ಟರಲ್ಲಿ ನವಿಲು ಇದೆ ಎಂದು ಲೆಕ್ಕಹಾಕಿ, ಬೇರೆ ಬೇರೆ ವರ್ಷಗಳ ಅದೇ ತಿಂಗಳುಗಳನ್ನು ಪರಸ್ಪರ ಹೋಲಿಸಿ. ಹೆಚ್ಚು ಕೂಗುವ ಕಾಲವನ್ನು ಮೌನದ ಕಾಲದೊಂದಿಗೆ ಅಳೆಯಬಾರದು.