ಗೊಂಬೆ ಹಾಕಲು ಆಂಟಿವೈರಸ್ ಆಫ್ ಮಾಡಬೇಡಿ ಅಣ್ಣಾ

ಅಣ್ಣಾ, ನಿಮ್ಮ ಪೋಸ್ಟ್ ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಮಗಳಿಗೆ ತೋರಿಸಬೇಕು ಅಂತ ಕಂಪ್ಯೂಟರ್ ಪರದೆಯ ಮೇಲೆ ಓಡಾಡುವ ಹಳೆಯ ಗೊಂಬೆ, ಬೋನ್ಜಿ ಬಡ್ಡಿಯ ನೇರಳೆ ಗೊರಿಲ್ಲಾ ಹುಡುಕಿದಿರಿ, ಮೊದಲು ಸಿಕ್ಕ ಲಿಂಕಿನಿಂದ ಸೆಟಪ್ ಇಳಿಸಿದಿರಿ, ಅದು ಆಂಟಿವೈರಸ್ ಆಫ್ ಮಾಡಿ ಅಂದಿತು, ನೀವು ಮಾಡಿದಿರಿ. ಅದರ ಮೇಲೆ ಶಿಮೆಜಿ ಅನ್ನುವ, ಪರದೆಯ ಮೇಲೆ ಓಡಾಡುವ ಚಿಕ್ಕ ಗೊಂಬೆಗಳ ಇನ್ನೊಂದು ಪ್ಯಾಕ್ ಬೇರೆ. ಈಗ ಬ್ರೌಸರ್ ತೆರೆದರೆ ಗೊತ್ತಿಲ್ಲದ ಹೋಮ್‌ಪೇಜ್, ಮೂಲೆಯಲ್ಲಿ ಜಾಹೀರಾತು, 4 ಜಿಬಿ ಲ್ಯಾಪ್‌ಟಾಪ್ ತುಂಬ ಗೊಂಬೆಗಳು. ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ.

ಸಾಕಾಗುವುದಿಲ್ಲ. ನಾನು 2015ರಲ್ಲಿ ಇದನ್ನೇ ಮಾಡಿ, ಅನ್‌ಇನ್‌ಸ್ಟಾಲ್ ಮಾಡಿ ಎಲ್ಲ ಮುಗಿಯಿತು ಅಂದುಕೊಂಡು ಎರಡು ವಾರ ಆರಾಮಾಗಿದ್ದೆ. "200 ಶಿಮೆಜಿ ಒಂದೇ ಪ್ಯಾಕ್" ಅಂತ ಒಂದು ಸೈಟಿನಲ್ಲಿತ್ತು, ಜಿಪ್ ಅಲ್ಲ, ಸೆಟಪ್ ಫೈಲು. ಅದೂ ಹೀಗೇ ಆಂಟಿವೈರಸ್ ಆಫ್ ಮಾಡಲು ಹೇಳಿತು. ಅದು ಅಪ್ಪನ ಕಂಪ್ಯೂಟರ್, ಅವರ ಮೇಲ್ ಪಾಸ್‌ವರ್ಡ್ ಬ್ರೌಸರಿನಲ್ಲೇ ಸೇವ್ ಆಗಿತ್ತು. ಎರಡು ವಾರ ಆದ ಮೇಲೆ ಅಪ್ಪನ ಮೇಲ್‌ನಿಂದ ನೆಂಟರಿಗೆಲ್ಲ ಯಾವುದೋ ಲಿಂಕ್ ಹೋಯಿತು. ಅಪ್ಪ ಕಳಿಸಿದ್ದು ಅಂತ ಸೋದರಮಾವ ಅದನ್ನು ಒತ್ತಿ, ಅವರ ಆಫೀಸಿನ ಕಂಪ್ಯೂಟರಿಗೂ ತೊಂದರೆ ಆಯಿತು. ಅಪ್ಪ ಒಬ್ಬೊಬ್ಬರಿಗೂ ಫೋನ್ ಮಾಡಿ "ಅದನ್ನು ತೆರೀಬೇಡಿ" ಅಂತ ಹೇಳುತ್ತಾ ಕೂತಿದ್ದು ಇವತ್ತಿಗೂ ಕಣ್ಣ ಮುಂದಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಇವತ್ತೇ ಮಾಡಬೇಕಾದ್ದು ಹೇಳುತ್ತೇನೆ. ವೈಫೈ ಆಫ್ ಮಾಡಿ. ಸೆಟ್ಟಿಂಗ್ಸಿನ ಆ್ಯಪ್ಸ್ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ, ಆ ದಿನ ಬಂದಿದ್ದನ್ನೆಲ್ಲ ತೆಗೆಯಿರಿ, ಹೆಸರು ಎಷ್ಟೇ ಒಳ್ಳೆಯದಾಗಿ ಕಂಡರೂ. ಬ್ರೌಸರಿನ ಎಕ್ಸ್‌ಟೆನ್ಷನ್‌ಗಳನ್ನು ನೋಡಿ. ಮೂಲೆಯಲ್ಲಿ ಬರುವ ಜಾಹೀರಾತು ಎಷ್ಟೋ ಸಲ ವೈರಸ್ಸೇ ಅಲ್ಲ, ಯಾವುದೋ ಸೈಟಿಗೆ ನೋಟಿಫಿಕೇಶನ್ ಕಳಿಸಲು "ಅಲೋ" ಒತ್ತಿರುತ್ತೀರಿ, ಅಷ್ಟೇ. ಬ್ರೌಸರಿನ ನೋಟಿಫಿಕೇಶನ್ ಸೆಟ್ಟಿಂಗಿಗೆ ಹೋಗಿ ಆ ಸೈಟನ್ನು ಕಿತ್ತುಹಾಕಿ. ಆಮೇಲೆ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ಮತ್ತೆ ಆನ್ ಮಾಡಿದರೆ ಆಗಲಿಲ್ಲ, ಅದರ "ಎಕ್ಸ್‌ಕ್ಲೂಶನ್ಸ್" ಪಟ್ಟಿ ತೆರೆದು ನೋಡಿ. ಇಂಥ ಸೆಟಪ್‌ಗಳು "ಈ ಫೋಲ್ಡರ್ ಪರೀಕ್ಷಿಸಬೇಡ" ಅಂತ ತಮ್ಮ ಫೋಲ್ಡರನ್ನು ಅಲ್ಲಿ ಸೇರಿಸಿ ಹೋಗಿರಬಹುದು. ಅದನ್ನು ಬಿಟ್ಟರೆ ನೂರು ಸಲ ಸ್ಕ್ಯಾನ್ ಮಾಡಿದರೂ ಏನೂ ಸಿಗುವುದಿಲ್ಲ. ಖಾಲಿ ಮಾಡಿ, ನಂತರ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಹಾಕಿ. ಅದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಶುರುವಾಗುವ ಮುಂಚೆಯೇ ಹುಡುಕುತ್ತದೆ. ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ, ಆ ಲ್ಯಾಪ್‌ಟಾಪಿನಿಂದ ಬೇಡ. ಇಷ್ಟಾದ ಮೇಲೂ ಅನುಮಾನ ಉಳಿದರೆ ಫೋಟೋ, ಡಾಕ್ಯುಮೆಂಟ್ ತೆಗೆದಿಟ್ಟುಕೊಂಡು ವಿಂಡೋಸ್ ಹೊಸದಾಗಿ ಹಾಕುವುದೇ ನೆಮ್ಮದಿ.

ಇನ್ನು ಆ ಗೊರಿಲ್ಲಾ ವಿಷಯ. ನಮ್ಮ ಗುಂಪಿನಲ್ಲಿ ತುಂಬ ಜನರಿಗೆ ಅದರ ಮೇಲೆ ಹಳೆಯ ಪ್ರೀತಿ ಇದೆ, ಗೊತ್ತು. ಆದರೆ ಅದು 1999ರ ಸರಕು. ಶುರುವಿನಲ್ಲಿ ಬರುತ್ತಿದ್ದುದು ಗೊರಿಲ್ಲಾನೂ ಅಲ್ಲ, ಪರದೆಯ ಮೇಲೆ ಪಾತ್ರಗಳನ್ನು ಓಡಾಡಿಸುವ ಮೈಕ್ರೋಸಾಫ್ಟ್ ಏಜೆಂಟ್ ಅನ್ನುವ ಸಾಫ್ಟ್‌ವೇರಿನ ಪೀಡಿ ಅನ್ನುವ ಹಸಿರು ಗಿಳಿ. ಅದನ್ನು ಮಾಡಿದ ಕಂಪನಿ, ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಕ್ಕಳ ಮಾಹಿತಿ ತೆಗೆದುಕೊಂಡಿತು ಅಂತ 2004ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 75,000 ಡಾಲರ್ ಕಟ್ಟಬೇಕಾಯಿತು. ಮಗಳಿಗೆ ಅಂತ ಹುಡುಕುತ್ತಿದ್ದೀರಿ, ಇದು ನಿಮಗೆ ಗೊತ್ತಿರಬೇಕು. ಮೈಕ್ರೋಸಾಫ್ಟ್ ಏಜೆಂಟ್ ಕೂಡ ವಿಂಡೋಸ್ 7ರಿಂದಲೇ ಜೊತೆಗೆ ಬರುವುದು ನಿಂತಿತು. ಹಾಗಾಗಿ "ವಿಂಡೋಸ್ 11ಕ್ಕೆ ಬೋನ್ಜಿ" ಅಂತ ಯಾರಾದರೂ ಸೆಟಪ್ ಕೊಟ್ಟರೆ ಒಳಗೆ ಏನೇನು ತುಂಬಿದ್ದಾರೋ ಯಾರಿಗೂ ಗೊತ್ತಿಲ್ಲ. ಅದೇ ಬೇಕು ಅಂದರೆ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಹಳೆಯ ವಿಂಡೋಸ್ ಎಕ್ಸ್‌ಪಿ ಹಾಕಿ, ನೆಟ್‌ವರ್ಕ್ ಅಡಾಪ್ಟರ್ ತೆಗೆದು, ಶೇರ್ಡ್ ಫೋಲ್ಡರ್ ಕೂಡ ಇಡದೆ ಆಡಿಸಿ. ಬೇರೆ ದಾರಿ ನಾನು ಹೇಳುವುದಿಲ್ಲ.

ನನ್ನ ಲೆಕ್ಕ ಒಂದೇ: ಪರದೆಯ ಮೇಲೆ ಓಡಾಡುವ ಗೊಂಬೆಗೆ ಅಡ್ಮಿನ್ ಅನುಮತಿ ಯಾಕೆ ಬೇಕು? ಶಿಮೆಜಿಯ ಹೊಸ ರೂಪವಾದ ಶಿಮೆಜಿ-ಈಈ ಒಂದು ಜಿಪ್. ಬಿಚ್ಚಿ ಫೋಲ್ಡರಿನಲ್ಲಿ ಇಟ್ಟರೆ ಅಲ್ಲಿಂದಲೇ ಓಡುತ್ತದೆ, ಬೇಡ ಅಂದರೆ ಫೋಲ್ಡರ್ ಅಳಿಸಿದರೆ ಮುಗಿಯಿತು. ಮನೆಯಲ್ಲಿ ಮಕ್ಕಳಿಗೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಟ್ಟಿದ್ದೇನೆ. ಯಾವುದೇ ಗೊಂಬೆ ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಅಲ್ಲೇ ಕ್ಯಾನ್ಸಲ್. ಶಿಮೆಜಿ ಓಡಲು ಜಾವಾ ಅನ್ನುವ ಸಾಫ್ಟ್‌ವೇರ್ ಬೇಕು, ಅದನ್ನು ಹಾಕುವಾಗ ಮಾತ್ರ ಒಂದು ಸಲ ಅಡ್ಮಿನ್ ಬೇಕಾಗಬಹುದು, ಅದನ್ನು ನೀವೇ ಕೂತು ಮಾಡಿ. ನಾನು ಟೆಮುರಿನ್ ಅನ್ನುವ ಉಚಿತ ಜಾವಾ ಹಾಕುತ್ತೇನೆ. ಒಂದು ಕಾಲದಲ್ಲಿ ಒರಾಕಲ್‌ನ ಜಾವಾ ಜೊತೆ ಬ್ರೌಸರಿಗೆ ಅಂಟಿಕೊಳ್ಳುವ ಆಸ್ಕ್ ಟೂಲ್‌ಬಾರ್ ಬರುತ್ತಿತ್ತು, ಅದನ್ನು ನೋಡಿದ ಮೇಲೆ ನನಗೆ ಆ ಕಡೆ ಹೋಗುವ ಮನಸ್ಸೇ ಇಲ್ಲ. ಟೆಮುರಿನ್ ಹಾಕುವಾಗ ಜಾರ್ ಫೈಲನ್ನು (ಶಿಮೆಜಿಯ ಪ್ರೋಗ್ರಾಂ ಇಂಥ ಫೈಲೇ) ಜಾವಾಕ್ಕೆ ಜೋಡಿಸುವ ಆಯ್ಕೆ ಇರುತ್ತದೆ, ಅದು ಬೇಕು. ಇಲ್ಲದಿದ್ದರೆ ಶಿಮೆಜಿ ಒತ್ತಿದಾಗ ವಿನ್‌ರಾರ್ ತೆರೆದುಕೊಂಡು ಕೂರುತ್ತದೆ. ಇನ್ನೊಂದು, ಜಿಪ್ಪನ್ನು ಬಿಚ್ಚದೆ ಒಳಗಿಂದಲೇ ಡಬಲ್ ಕ್ಲಿಕ್ ಮಾಡಿ "ಓಡುತ್ತಿಲ್ಲ" ಅನ್ನುವವರು ಇಲ್ಲಿ ವಾರಕ್ಕೊಬ್ಬರು ಬರುತ್ತಾರೆ, ದಯವಿಟ್ಟು ಪೂರ್ತಿ ಬಿಚ್ಚಿ. ಜಿಪ್ಪನ್ನೂ ಅದನ್ನು ಮಾಡಿದವರ ಪುಟದಿಂದಲೇ ತೆಗೆದುಕೊಳ್ಳಿ. ಈ ಹೊಸ ಶಿಮೆಜಿಯನ್ನು ನೋಡಿಕೊಳ್ಳುತ್ತಿರುವವರು ಕಿಲ್ಕಾಕಾನ್. ಮೊದಲ ಶಿಮೆಜಿ ಜಪಾನಿನ ಗ್ರೂಪ್ ಫಿನಿಟಿಯದ್ದು.

ಲ್ಯಾಪ್‌ಟಾಪ್ ಯಾಕೆ ನಿಧಾನ ಅಂದರೆ, ಗೊಂಬೆ ತನ್ನಷ್ಟಕ್ಕೆ ಮರಿ ಹಾಕುತ್ತಾ ಹೋಗುತ್ತದೆ. ಟ್ರೇ ಐಕಾನಿನ ಮೆನುವಿನಲ್ಲಿ ಮರಿ ಹಾಕುವ ಟಿಕ್ ತೆಗೆಯಿರಿ, ನಂತರ "ರೆಡ್ಯೂಸ್ ಟು ಒನ್" ಒತ್ತಿ. ಒಂದೇ ಗೊಂಬೆಯ ಹತ್ತು ಮರಿ ಇದ್ದರೆ ಮೆಮೊರಿ ಅಷ್ಟು ತಿನ್ನುವುದಿಲ್ಲ, ಚಿತ್ರಗಳು ಅವೇ. ಆದರೆ ಹತ್ತು ಬೇರೆ ಬೇರೆ ಗೊಂಬೆ ಆದರೆ ಕಷ್ಟ. ಒಂದು ಚಿತ್ರ 128 ಪಿಕ್ಸೆಲ್ ಅಗಲ, 128 ಎತ್ತರ ಇದ್ದರೆ ಬಿಚ್ಚಿದಾಗ 64 ಕೆಬಿ. ಒಂದು ಸೆಟ್ಟಿಗೆ 46 ಚಿತ್ರ, ಬಲಕ್ಕೆ ತಿರುಗಿದಾಗಿನ ಪ್ರತಿ ಸೇರಿ ಸುಮಾರು 6 ಎಂಬಿ. ಅದೇ ಚಿತ್ರವನ್ನು ಚಂದ ಕಾಣಲಿ ಅಂತ 512 ಮಾಡಿ ಹಾಕುತ್ತಾರಲ್ಲ, ಆಗ ಒಂದು ಗೊಂಬೆಗೇ 92 ಎಂಬಿ! ನೀವು ಹಾಕಿದ ಪ್ಯಾಕಿನಲ್ಲಿ ಇಂಥವು ಇದ್ದರೆ 4 ಜಿಬಿ ಯಾವ ಮೂಲೆಗೆ? ಬೇಡದ ಸೆಟ್ಟುಗಳನ್ನು ಚಿತ್ರಗಳ ಫೋಲ್ಡರಿನೊಳಗಿನ "ಅನ್‌ಯೂಸ್ಡ್" ಫೋಲ್ಡರಿಗೆ ಸರಿಸಿ, ಅಲ್ಲಿದ್ದರೆ ಅದು ಎತ್ತಿಕೊಳ್ಳುವುದಿಲ್ಲ.

ನನ್ನನ್ನು ಕೇಳಿದರೆ ಪ್ಯಾಕ್ ಇಳಿಸುವುದನ್ನೇ ಬಿಡಿ. ಮಗಳ ಕೈಯಲ್ಲೇ ಬರೆಸಿ. ನಮ್ಮ ಅಕ್ಕನ ಮಗಳು ಬೇಸಿಗೆ ರಜೆಯಲ್ಲಿ ಯಕ್ಷಗಾನದ ವೇಷ ಬರೆದಳು, ಈಗ ಎರಡು ವರ್ಷದಿಂದ ಅದೇ ನನ್ನ ಪರದೆಯ ಮೇಲೆ ಓಡಾಡುತ್ತಿದೆ. 46 ಚಿತ್ರವೂ ಬೇಕಿಲ್ಲ. ಚಿತ್ರದ ಫೈಲುಗಳಿಗೆ ಶಿಮೆ1, ಶಿಮೆ2 ಹೀಗೆ ಹೆಸರು. ನಿಂತಿರುವುದು ಶಿಮೆ1, ನಡೆಯಲು 1, 2, 1, 3 ಹೀಗೆ ತಿರುಗುತ್ತದೆ, ಬೀಳುವುದು ಶಿಮೆ4, ಕೂರುವುದು ಶಿಮೆ11. ಈ ಐದು ಚೆನ್ನಾಗಿ ಬರೆದು, ಉಳಿದ ನಂಬರುಗಳಿಗೆ ಇವನ್ನೇ ಕಾಪಿ ಮಾಡಿ ಇಟ್ಟರೂ ಓಡುತ್ತದೆ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ, ಪಿಎನ್‌ಜಿಯಲ್ಲೇ ಇರಬೇಕು. ನಮಗೆ ಮೊದಲು ಕಿರೀಟದ್ದೇ ಸಮಸ್ಯೆ ಆಯಿತು. ಕಿರೀಟ ದೊಡ್ಡದು ಬರೆದಳು, 128ರಲ್ಲಿ ಅರ್ಧ ಅದೇ ತಿಂದು ಮುಖ ಒಂದು ಚುಕ್ಕೆ ಆಯಿತು. ಮತ್ತೆ ಬರೆದೆವು, ಮುಖ ಬೇಕೆಂದೇ ದೊಡ್ಡದು ಮಾಡಿ. ಆಮೇಲೆ ವೇಷ ನೆಲ ಬಿಟ್ಟು ಗಾಳಿಯಲ್ಲಿ ನಡೆಯುತ್ತಿತ್ತು. ಕಾರಣ ಆ್ಯಂಕರ್, ಅಂದರೆ ಚಿತ್ರದಲ್ಲಿ ನೆಲಕ್ಕೆ ತಾಗುವ ಬಿಂದು, 64,128 ಅಂತ ಇರುತ್ತದೆ, ಅಂದರೆ ಚಿತ್ರದ ಕೆಳಗಿನ ಅಂಚೇ ನೆಲ. ಪಾದದ ಕೆಳಗೆ ಹತ್ತು ಪಿಕ್ಸೆಲ್ ಖಾಲಿ ಬಿಟ್ಟರೆ ಅಷ್ಟು ಎತ್ತರದಲ್ಲಿ ತೇಲುತ್ತದೆ. ಪಾದ ಅಂಚಿಗೆ ತಾಗಿಸಿ.

ಚಿತ್ರದಲ್ಲಿ ಗೊಂಬೆ ಎಡಕ್ಕೇ ನೋಡುತ್ತಿರಬೇಕು, ಬಲಕ್ಕೆ ಹೋಗುವಾಗ ಅದೇ ಕನ್ನಡಿಯಂತೆ ತಿರುಗುತ್ತದೆ. ಅವಳು ಎದೆಯ ಮೇಲೆ "ಕ" ಅಂತ ಬರೆದಿದ್ದಳು. ಬಲಕ್ಕೆ ನಡೆದಾಗ ಅಕ್ಷರ ಉಲ್ಟಾ! ಮಗು ಮುಖ ಸಪ್ಪೆ ಮಾಡಿಕೊಂಡಿತು. ಗೊಂಬೆಯ ಚಲನೆಗಳನ್ನು ಬರೆದಿರುವ ಆ್ಯಕ್ಷನ್ಸ್ ಫೈಲಿನಲ್ಲಿ "ಇಮೇಜ್‌ರೈಟ್" ಅಂತ ಬಲಕ್ಕೆ ಬೇರೆ ಚಿತ್ರ ಕೊಡಬಹುದು, ಹಾಗೆ ಸರಿಮಾಡಿದೆವು. ಆದರೆ ಪ್ರತಿಯೊಂದು ಚಿತ್ರಕ್ಕೂ ಇದನ್ನು ಮಾಡುವುದು ದೊಡ್ಡ ಕೆಲಸ, ಅಕ್ಷರ ಬರೆಯದಿರುವುದೇ ವಾಸಿ. ಹಾಳೆಯನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಸಾಕು, ಆದರೆ ಹಿನ್ನೆಲೆ ಅಳಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಕಪ್ಪು ವಾಲ್‌ಪೇಪರ್ ಹಾಕಿ ಒಮ್ಮೆ ನೋಡಿ, ಆಗ ಕಾಣುತ್ತದೆ. ನಾನು ಜಿಂಪ್ ಅನ್ನುವ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಆಯ್ದ ಹಿನ್ನೆಲೆಯನ್ನು ಒಂದು ಪಿಕ್ಸೆಲ್ ದೊಡ್ಡದು ಮಾಡಿ ಆಮೇಲೆ ಅಳಿಸುತ್ತೇನೆ. ದಪ್ಪ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಸಿದರೆ ಇನ್ನೂ ಸುಲಭ, ಪೆನ್ಸಿಲ್ ಮಾತ್ರ ಬೇಡ.

ಬೇರೆಯವರು ನಿಮ್ಮ ಪೋಸ್ಟಿನ ಕೆಳಗೆ ಬೇರೆ ಬೇರೆ ಗೊಂಬೆಗಳ ಹೆಸರು ಹೇಳಿದ್ದಾರೆ. ಡೆಸ್ಕ್‌ಟಾಪ್ ಗೂಸ್ ಅನ್ನುವ ಬಾತುಕೋಳಿ ಮಕ್ಕಳಿಗೆ ಖುಷಿ ಕೊಡುತ್ತದೆ, ಆದರೆ ಅದು ಮೌಸ್ ಪಾಯಿಂಟರನ್ನೇ ಕಚ್ಚಿಕೊಂಡು ಓಡುತ್ತದೆ. ಆನ್‌ಲೈನ್ ಕ್ಲಾಸ್ ಇರುವ ಕಂಪ್ಯೂಟರಿಗೆ ಬೇಡ. ಅದನ್ನು ನಿಲ್ಲಿಸಬೇಕಾದರೆ ಎಸ್ಕೇಪ್ ಕೀಯನ್ನು ಒತ್ತಿ ಹಿಡಿದುಕೊಳ್ಳಿ. ಡೆಸ್ಕ್‌ಟಾಪ್ ಮೇಟ್ ತ್ರೀಡಿ, ನೋಡಲು ತುಂಬ ಚಂದ, ಸ್ಟೀಮ್ ಅನ್ನುವ ಗೇಮ್ ಅಂಗಡಿಯಲ್ಲಿದೆ. ಆದರೆ ಹೆಚ್ಚಿನ ಪಾತ್ರಗಳನ್ನು ದುಡ್ಡು ಕೊಟ್ಟು ಕೊಳ್ಳಬೇಕು, ಗ್ರಾಫಿಕ್ಸ್ ಮೇಲೂ ಭಾರ. ನಿಮ್ಮ ಲ್ಯಾಪ್‌ಟಾಪಿಗೆ ಆಗುವುದಿಲ್ಲ. ಬ್ರೌಸರ್ ಎಕ್ಸ್‌ಟೆನ್ಷನ್ ಶಿಮೆಜಿ ಹಾಕಿ ಅಂದವರಿಗೆ ನನ್ನ ತಕರಾರಿದೆ. ಪುಟದ ಮೇಲೆ ಗೊಂಬೆ ಬರಬೇಕೆಂದರೆ ಅದಕ್ಕೆ ಎಲ್ಲ ಸೈಟುಗಳನ್ನೂ ಓದುವ, ಬದಲಿಸುವ ಅನುಮತಿ ಬೇಕು. ಬ್ಯಾಂಕ್ ಪುಟವೂ ಅದರಲ್ಲೇ ಬಂತು. ಹಾಕಲೇಬೇಕೆಂದರೆ ಮಗಳಿಗೆ ಬೇರೆ ಬ್ರೌಸರ್ ಪ್ರೊಫೈಲ್ ಮಾಡಿ ಅಲ್ಲಿ ಹಾಕಿ. ಮನೆಯಲ್ಲಿ ಹಳೆಯ ಉಬುಂಟು ಯಂತ್ರ ಇದ್ದರೆ ಒನೆಕೋ ಅನ್ನುವ ಬೆಕ್ಕು ಅದರ ಪ್ಯಾಕೇಜ್ ಪಟ್ಟಿಯಲ್ಲೇ ಸಿಗುತ್ತದೆ, ಪಾಯಿಂಟರ್ ಹಿಂದೆ ಓಡಿ ಸುಸ್ತಾಗಿ ಮಲಗುತ್ತದೆ. ಉಬುಂಟುವಿನಲ್ಲಿ ಪರದೆ ನಡೆಸುವ ವ್ಯವಸ್ಥೆ ವೇಲ್ಯಾಂಡ್ ಆಗಿದ್ದರೆ ಅದು ಸರಿಯಾಗಿ ಓಡುವುದಿಲ್ಲ, ಲಾಗಿನ್ ಆಗುವಾಗ ಹಳೆಯ ಎಕ್ಸ್‌ಆರ್ಗ್ ಆಯ್ಕೆ ಇದ್ದರೆ ಅದನ್ನು ಆರಿಸಿಕೊಳ್ಳಿ.

ಶಿಮೆಜಿ ವಿಂಡೋಗಳನ್ನು ಎತ್ತಿ ಎಸೆಯುವ ಆಟ ಮಕ್ಕಳಿಗೆ ಇಷ್ಟ. ಆದರೆ ನೀವು ಟ್ಯಾಲಿ ತೆರೆದು ಕೂತಾಗ ಅದು ಬೇಡ ಅಲ್ವಾ, ಆ ಟಿಕ್ಕನ್ನೂ ತೆಗೆಯಿರಿ. ಈಗಾಗಲೇ ಯಾವುದಾದರೂ ವಿಂಡೋ ಕಾಣೆಯಾಗಿದ್ದರೆ ಅದೇ ಮೆನುವಿನಲ್ಲಿ "ರಿಸ್ಟೋರ್ ವಿಂಡೋಸ್" ಇದೆ, ಹೊರಗೆ ಹೋದವೆಲ್ಲ ವಾಪಸ್ ಬರುತ್ತವೆ. ಕಂಪ್ಯೂಟರ್ ಆನ್ ಆದಾಗಲೇ ಗೊಂಬೆ ಬರಬೇಕೆಂದರೆ ಸ್ಟಾರ್ಟಪ್ ಫೋಲ್ಡರಿನಲ್ಲಿ ಶಾರ್ಟ್‌ಕಟ್ ಇಡಿ. ಶಾರ್ಟ್‌ಕಟ್ಟಿನ "ಸ್ಟಾರ್ಟ್ ಇನ್" ಜಾಗದಲ್ಲಿ ಶಿಮೆಜಿ ಫೋಲ್ಡರಿನದ್ದೇ ವಿಳಾಸ ಇರಬೇಕು, ಇಲ್ಲದಿದ್ದರೆ ಸೆಟ್ಟಿಂಗ್ ಫೈಲುಗಳು ಅದಕ್ಕೆ ಸಿಗುವುದಿಲ್ಲ.

ಮೊದಲು ಸ್ಕ್ಯಾನ್ ಮುಗಿಸಿ, ಆ ಎಕ್ಸ್‌ಕ್ಲೂಶನ್ಸ್ ಪಟ್ಟಿಯಲ್ಲಿ ಏನಿತ್ತು ಅಂತ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಮಗಳು ಚಿತ್ರ ಬರೆದರೆ ಐದು ಹಾಳೆಯ ಫೋಟೋ ಕಳಿಸಿ, ಹಿನ್ನೆಲೆ ಅಳಿಸಿ 128ಕ್ಕೆ ಕೂರಿಸಿ ನಾನೇ ಮಾಡಿಕೊಡುತ್ತೇನೆ.